ಮನೆಯಲ್ಲಿ ಎಸ್ಪ್ರೆಸೋ ಕಾಫಿ: ಬೇಕಾದ ಸಾಮಗ್ರಿ, ಬೇಡದ ಸಾಮಗ್ರಿ

ಬೆಳಗಿನ ಕಾಫಿಯಾಗದೆ ದಿನವು ಮೊದಲಾಗದ ಮನೆಗಳು ನಮ್ಮ ನಾಡಿನಲ್ಲಿ ಅಸಂಖ್ಯಾತವಾಗಿವೆ. ಹಿತ್ತಾಳೆಯ ಫಿಲ್ಟರಿಗೆ ಪುಡಿಯನ್ನು ಹಾಕಿ, ಕುದಿಯುವ ನೀರನ್ನು ಸುರಿದು, ಗಟ್ಟಿಯಾದ ಡಿಕಾಕ್ಷನ್ನು ತೊಟ್ಟುತೊಟ್ಟಾಗಿ ಇಳಿಯುವುದನ್ನು ಕಾಯುವ ಪದ್ಧತಿಯು ತಲೆಮಾರುಗಳಿಂದ ನಡೆದುಬಂದುದು. ಇಂತಹ ಮನೆಗಳೊಳಕ್ಕೆ ಈಚೆಗೆ ಎಸ್ಪ್ರೆಸೋ ಯಂತ್ರವೆಂಬ ಹೊಸ ಅತಿಥಿಯು ಬರುತ್ತಲಿದೆ. ಯಂತ್ರವೊಂದೇ ಬಂದರೆ ಚಿಂತೆಯಿಲ್ಲ. ಅದರ ಬೆನ್ನಿಗೆ ಹತ್ತಾರು ಬಗೆಯ ಸಣ್ಣಪುಟ್ಟ ಸಾಮಗ್ರಿಗಳೂ ಬರತೊಡಗುತ್ತವೆ. ಅವುಗಳಲ್ಲಿ ಯಾವುದು ಅವಶ್ಯಕ, ಯಾವುದು ಅನುಕೂಲ, ಯಾವುದು ಕೇವಲ ಅಲಂಕಾರ ಎಂಬುದನ್ನು ಗೃಹಸ್ಥರಾದ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ಸ್ನೇಹಿತರೊಬ್ಬರು ಬಹುದಿನ ಕೂಡಿಟ್ಟ ಹಣದಿಂದ ಇಂತಹ ಯಂತ್ರವೊಂದನ್ನು ಕೊಂಡರು. ಅದರೊಡನೆ ಮರದ ಹಿಡಿಯ ಟ್ಯಾಂಪರ್, ಅದನ್ನಿಡಲು ಪೀಠ, ಚರಟವನ್ನು ತಟ್ಟುವ ಡಬ್ಬಿ, ಎರಡು ಹಾಲಿನ ಪಾತ್ರೆ, ಆರು ಗಾಜಿನ ಬಟ್ಟಲು ಇವೆಲ್ಲವೂ ಬಂದುವು. ಬೀಜವನ್ನು ಬೀಸುವ ಯಂತ್ರಕ್ಕೆ ಮಾತ್ರ ಹಣವುಳಿಯಲಿಲ್ಲ. ಫಿಲ್ಟರಿಗೆಂದು ಅಂಗಡಿಯಲ್ಲಿ ಬೀಸಿಸಿ ತಂದ ಪುಡಿಯನ್ನೇ ಹಾಕಿದರು. ಒಂದು ಭಾನುವಾರ ನಮ್ಮನ್ನು ಕರೆದು ಕಾಫಿ ಮಾಡಿದರು. ಇಪ್ಪತ್ತೈದು ಸೆಕೆಂಡು ಹಿಡಿಯಬೇಕಾದ ಕೆಲಸವು ಹತ್ತೇ ಸೆಕೆಂಡಿನಲ್ಲಿ ಮುಗಿದು, ಬಟ್ಟಲಿನಲ್ಲಿ ತೆಳ್ಳಗಿನ ಹುಳಿನೀರು ನಿಂತಿತು. ಸ್ನೇಹಿತರ ಮುಖ ಬಾಡಿತು. ಯಂತ್ರವೇ ಕೆಟ್ಟದ್ದೆಂದು ನಿರ್ಧರಿಸಿ ಅದನ್ನು ಮಾರಿಬಿಡುವ ಮಾತನ್ನಾಡತೊಡಗಿದರು. ಆಗ ಅಡಿಗೆಯ ಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವರ ತಾಯಿಯವರು, "ಏನಪ್ಪಾ, ಪುಡಿ ತರಿಯಾಯಿತಲ್ಲ! ಫಿಲ್ಟರಿನಲ್ಲಾದರೂ ತರಿಪುಡಿ ಹಾಕಿದರೆ ನೀರು ಸರ್ರನೆ ಇಳಿದುಹೋಗುತ್ತದೆಯೋ ಇಲ್ಲವೋ?" ಎಂದರು. ರೋಗದ ಮೂಲವನ್ನು ಆ ವೃದ್ಧ ಮಾತೆಯು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು.

ಎಸ್ಪ್ರೆಸೋ ಎಂದರೇನು?

ಈ ಪಾನೀಯದ ತವರು ಇಟಲಿ ದೇಶ. ೧೮೮೪ರಲ್ಲಿ ಟ್ಯೂರಿನ್ ಪಟ್ಟಣದ ಆಂಜೆಲೋ ಮೊರಿಯೊಂಡೋ ಎಂಬಾತನು ಆವಿಯ ಬಲದಿಂದ ಕಾಫಿಯನ್ನು ಇಳಿಸುವ ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದನು. ೧೯೦೧ರಲ್ಲಿ ಮಿಲಾನಿನ ಲುಯಿಜಿ ಬೆಜೆರಾ ಎಂಬಾತನು ಒಂದೊಂದು ಬಟ್ಟಲಿಗೂ ಬೇರೆಬೇರೆಯಾಗಿ ಕಾಫಿಯನ್ನು ಇಳಿಸುವಂತೆ ಅದನ್ನು ಸುಧಾರಿಸಿದನು. ಆದರೆ ಆವಿಯೊಂದರಿಂದ ಬರುವ ಒತ್ತಡವು ಅಲ್ಪವಾದುದು. ಮಿಲಾನಿನವನೇ ಆದ ಅಕಿಲ್ಲೆ ಗಾಜಿಯಾ ಎಂಬಾತನು ೧೯೩೮ರಲ್ಲಿ ಹೊಸ ಹಕ್ಕುಪತ್ರವನ್ನು ಪಡೆದು, ಎರಡನೆಯ ಮಹಾಯುದ್ಧದ ತರುವಾಯ ಸನ್ನೆಗೋಲಿನ ಯಂತ್ರವನ್ನು ಬಳಕೆಗೆ ತಂದ ಮೇಲೆಯೇ, ಕಾಫಿಯ ಮೇಲೆ ಹೊಂಬಣ್ಣದ ನೊರೆಯು ಕಾಣಿಸಿಕೊಂಡಿತು. ಇದನ್ನೇ ಇಟಲಿಯವರು ಕ್ರೆಮಾ ಎನ್ನುವರು.

ಸುಮಾರು ೯ ಬಾರ್ ಒತ್ತಡದಲ್ಲಿ, ೯೦ರಿಂದ ೯೬ ಡಿಗ್ರಿ ಸೆಂಟಿಗ್ರೇಡಿನ ನೀರು, ಒತ್ತಿಟ್ಟ ನುಣ್ಣನೆಯ ಪುಡಿಯ ಮೂಲಕ ಹಾಯುವುದೇ ಎಸ್ಪ್ರೆಸೋ. ೧೮ ಗ್ರಾಂ ಪುಡಿಯಿಂದ ೩೬ ಗ್ರಾಂ ಕಾಫಿಯು ೨೫ರಿಂದ ೩೦ ಸೆಕೆಂಡುಗಳಲ್ಲಿ ಇಳಿದರೆ ಸರಿಯೆಂಬುದು ಈಗಿನ ಸಾಮಾನ್ಯ ಅಳತೆ. ಯಂತ್ರದ ಪೆಟ್ಟಿಗೆಯ ಮೇಲೆ ೧೫ ಬಾರ್, ೨೦ ಬಾರ್ ಎಂದು ಮುದ್ರಿಸಿರುವುದನ್ನು ಕಂಡು ಮರುಳಾಗಬೇಕಾದುದಿಲ್ಲ. ಒತ್ತಡವು ಹೆಚ್ಚಿದಷ್ಟೂ ಕಾಫಿಯು ಉತ್ತಮವಾಗುವುದೆಂಬ ನಿಯಮವಿಲ್ಲ.

ಮೊದಲನೆಯದು: ಬೀಸುವ ಯಂತ್ರ

ಹಣವನ್ನು ಎಲ್ಲಿ ಧಾರಾಳವಾಗಿ ವೆಚ್ಚ ಮಾಡಬೇಕೆಂದು ಕೇಳುವವರಿಗೆ ನಾವು ಕೊಡುವ ಉತ್ತರವೊಂದೇ: ಬೀಸುವ ಯಂತ್ರದ ಮೇಲೆ. ಪುಡಿಯು ತರಿಯಾದರೆ ನೀರು ನಿಲ್ಲದೆ ಓಡುವುದು, ಕಾಫಿ ಹುಳಿಯಾಗುವುದು. ಅತಿ ನುಣ್ಣಗಾದರೆ ನೀರು ಹಾಯಲಾರದೆ ತೊಟ್ಟಿಕ್ಕುವುದು, ಕಾಫಿ ಕಹಿಯಾಗುವುದು. ಈ ಎರಡರ ನಡುವಣ ಹದವು ಕೂದಲೆಳೆಯಷ್ಟು ಸೂಕ್ಷ್ಮವಾದುದು. ಬೀಜವು ಬದಲಾದಾಗಲೂ, ಹುರಿದು ದಿನಗಳು ಕಳೆದಾಗಲೂ ಹದವನ್ನು ಮತ್ತೆ ಹೊಂದಿಸಬೇಕಾಗುವುದು.

ಚಟ್ನಿ ಅರೆಯುವ ಮಿಕ್ಸಿಯಿಂದ ಈ ಕಾರ್ಯವು ಸಾಧ್ಯವಿಲ್ಲ. ಅದರ ಅಲಗು ಬೀಜವನ್ನು ಕೊಚ್ಚುವುದೇ ಹೊರತು ಬೀಸುವುದಿಲ್ಲ. ಧೂಳೂ ತರಿಯೂ ಒಂದರಲ್ಲೊಂದು ಬೆರೆತಿರುತ್ತವೆ. ನಮ್ಮ ಬೀಸುವ ಕಲ್ಲಿನಂತೆ ಎರಡು ಹಲ್ಲುಬಿಲ್ಲೆಗಳ ನಡುವೆ ಬೀಜವು ನುರಿಯುವಂತಹ ಯಂತ್ರವೇ ಆಗಬೇಕು. ಕೊಳ್ಳುವಾಗ, ಅದು ಎಸ್ಪ್ರೆಸೋಗೆ ಬೇಕಾದಷ್ಟು ನುಣ್ಣಗೆ ಬೀಸಬಲ್ಲುದೇ, ಹದವನ್ನು ಬಹು ಸಣ್ಣ ಅಂತರಗಳಲ್ಲಿ ಬದಲಿಸಬಲ್ಲುದೇ ಎಂದು ಕೇಳಿ ತಿಳಿಯಿರಿ. ವಿದ್ಯುತ್ತಿನ ಯಂತ್ರವು ದುಬಾರಿಯೆನಿಸಿದರೆ, ಕೈಯಿಂದ ತಿರುಗಿಸುವ ಒಳ್ಳೆಯ ಯಂತ್ರವು ಕಡಿಮೆ ಬೆಲೆಗೆ ಅದೇ ಗುಣವನ್ನು ಕೊಡುವುದು; ತೋಳಿಗೆ ಕೊಂಚ ಶ್ರಮ, ಅಷ್ಟೇ.

ಬೀಸುವ ಯಂತ್ರವನ್ನು ಕೊಳ್ಳಲಾಗದವರಿಗೂ ಒಂದು ದಾರಿಯುಂಟು. ಯಂತ್ರದ ಹಿಡಿಕೆಯೊಳಗೆ ಕೂಡುವ ಜಾಲರಿ ಬಟ್ಟಲುಗಳಲ್ಲಿ ಎರಡು ಬಗೆ. ಒಂದಕ್ಕೆ ತಳವೆಲ್ಲ ರಂಧ್ರಗಳು. ಇನ್ನೊಂದಕ್ಕೆ ಎರಡು ತಳಗಳಿದ್ದು, ಹೊರಗಿನದರಲ್ಲಿ ಒಂದೇ ಸಣ್ಣ ರಂಧ್ರವಿರುವುದು. ಎರಡನೆಯದು ತಾನೇ ಒತ್ತಡವನ್ನು ಉಂಟುಮಾಡುವುದರಿಂದ ಅಂಗಡಿಯ ಪುಡಿಯಲ್ಲಿಯೂ ಕುಡಿಯಬಹುದಾದ ಕಾಫಿಯನ್ನು ಕೊಡುವುದು. ನಮ್ಮ ಸ್ನೇಹಿತರು ಯಾರದೋ ಮಾತನ್ನು ಕೇಳಿ ಇದನ್ನೇ ಮೂಲೆಗೆ ಹಾಕಿದ್ದರು. ಯಂತ್ರದೊಡನೆ ಬಂದಿದ್ದರೆ ಇದನ್ನು ಎಸೆಯಬೇಡಿರಿ. ಆದರೆ ಚಿಕೋರಿ ಬೆರೆಸಿದ ಪುಡಿಯನ್ನು ಈ ಯಂತ್ರಕ್ಕೆ ಹಾಕುವುದು ಸಲ್ಲದು. ಅದು ಅಂಟಾಗಿ ರಂಧ್ರಗಳನ್ನು ಕಟ್ಟಿಬಿಡುವುದುಂಟು. ಚಿಕೋರಿಯ ರುಚಿ ಬೇಕೆನ್ನುವವರಿಗೆ ಫಿಲ್ಟರೇ ಸರಿ.

ಎರಡನೆಯದು: ತಕ್ಕಡಿ

ಒಂದು ಗ್ರಾಮಿನ ಹತ್ತನೆಯ ಒಂದು ಪಾಲನ್ನು ತೋರಿಸುವ ಸಣ್ಣ ತಕ್ಕಡಿಯು ಅಗ್ಗದ ವಸ್ತು, ಆದರೆ ಉಪಕಾರವು ದೊಡ್ಡದು. ಚಮಚದ ಅಳತೆಯು ಇಲ್ಲಿ ನಂಬತಕ್ಕುದಲ್ಲ. ಪುಡಿಯನ್ನು ತೂಗಿರಿ, ಇಳಿದ ಕಾಫಿಯನ್ನೂ ತೂಗಿರಿ, ಕಾಲವನ್ನು ಎಣಿಸಿರಿ. ರುಚಿ ಕೆಟ್ಟಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿರಿ. ಹೀಗೆ ಮಾಡಿದರೆ ನಾಲ್ಕು ದಿನಗಳಲ್ಲಿ ಕೈ ಕುದುರುವುದು. ಇಲ್ಲವಾದರೆ ನಾಲ್ಕು ತಿಂಗಳಾದರೂ ಬೀಜವೇ ವ್ಯರ್ಥ.

ಮೂರನೆಯದು: ಟ್ಯಾಂಪರ್

ಪುಡಿಯನ್ನು ಒತ್ತುವ ಈ ಸಾಧನವು ಜಾಲರಿ ಬಟ್ಟಲಿನ ಅಗಲಕ್ಕೆ ಸರಿಯಾಗಿರಬೇಕು. ಕಾಫಿಯಂಗಡಿಗಳ ಯಂತ್ರಗಳಲ್ಲಿ ಈ ಅಗಲವು ಸಾಮಾನ್ಯವಾಗಿ ೫೮ ಮಿಲಿಮೀಟರು. ಮನೆಯ ಯಂತ್ರಗಳಲ್ಲಿ ೫೧, ೫೪ ಮೊದಲಾದುವೂ ಉಂಟು. ಅಳೆಯದೆ ಕೊಂಡರೆ ಹಣವು ನಷ್ಟ. ಯಂತ್ರದೊಡನೆ ಬರುವ ಪ್ಲಾಸ್ಟಿಕ್ಕಿನ ಟ್ಯಾಂಪರ್ ಸಡಿಲವಾಗಿದ್ದರೆ ಅಂಚಿನ ಪುಡಿಯು ಒತ್ತಿಕೊಳ್ಳದೆ, ನೀರು ಅಲ್ಲಿಯೇ ದಾರಿ ಮಾಡಿಕೊಳ್ಳುವುದು. ಸರಿಯಳತೆಯ ಉಕ್ಕಿನದೊಂದು ಸಾಕು. ಬಲವಾಗಿ ಒತ್ತುವುದಕ್ಕಿಂತ ಸಮನಾಗಿ ಒತ್ತುವುದು ಮುಖ್ಯ.

ಒತ್ತುವ ಮೊದಲು ಪುಡಿಯ ಗಂಟುಗಳನ್ನು ಬಿಡಿಸುವುದು ಒಳ್ಳಿತು. ಅಮೆರಿಕದ ಜಾನ್ ವೈಸ್ ಎಂಬವರು ೨೦೦೫ರಲ್ಲಿ ತೋರಿಸಿಕೊಟ್ಟ ಈ ಕ್ರಮಕ್ಕೆ ಅವರ ಹೆಸರೇ ನಿಂತಿದೆ. ಇದರ ಸಾಧನವನ್ನು ಹೆಚ್ಚು ಬೆಲೆಗೆ ಮಾರುವರು. ಸೀಸೆಯ ಬಿರಡೆಯೊಂದಕ್ಕೆ ನಾಲ್ಕಾರು ತೆಳ್ಳನೆಯ ಸೂಜಿಗಳನ್ನು ಚುಚ್ಚಿದರೆ ಅದೇ ಕೆಲಸವು ನಡೆಯುವುದು. ಮಕ್ಕಳ ಕೈಗೆ ಸಿಕ್ಕದಂತೆ ಮಾತ್ರ ಇಡತಕ್ಕದ್ದು.

ಹಾಲು, ನೀರು, ಶುಚಿ

ಹಾಲು ಬೆರೆಸುವವರಿಗೆ ೩೫೦ ಮಿಲಿಲೀಟರಿನ ಮೂತಿಯುಳ್ಳ ಉಕ್ಕಿನ ಪಾತ್ರೆಯೊಂದು ಸಾಕು. ತಣ್ಣನೆಯ ಹಾಲಿಗೆ ಆವಿಯನ್ನು ಹಾಯಿಸಿ, ಪಾತ್ರೆಯ ಹೊರಮೈಯನ್ನು ಕೈಯಿಂದ ಮುಟ್ಟಲಾಗದಷ್ಟು ಬಿಸಿಯಾದೊಡನೆ ನಿಲ್ಲಿಸಿರಿ. ಅದು ಸುಮಾರು ೬೦ರಿಂದ ೬೫ ಡಿಗ್ರಿ. ಕುದಿಯುವ ಹಾಲಿನ ಕಾಫಿಗೆ ಒಗ್ಗಿದ ನಮಗೆ ಇದು ಉಗುರುಬೆಚ್ಚಗೆ ತೋರಬಹುದು. ಆದರೆ ೭೦ ಡಿಗ್ರಿಯನ್ನು ಮೀರಿದರೆ ನೊರೆಯ ನಯವೂ ಹಾಲಿನ ಸಿಹಿಯೂ ಕುಂದುವುವು.

ನೀರಿನ ವಿಷಯದಲ್ಲಿ ಅಸಡ್ಡೆಯು ಯಂತ್ರಕ್ಕೇ ಮೃತ್ಯು. ಕೊಳವೆ ಬಾವಿಯ ಗಡಸು ನೀರು ಸ್ನಾನದ ಹಂಡೆಯೊಳಗೆ ಬಿಳಿಯ ಗಾರೆಯಂತೆ ಕಟ್ಟುವುದನ್ನು ನಾವೆಲ್ಲರೂ ಕಂಡಿದ್ದೇವೆ. ಯಂತ್ರದೊಳಗಣ ಸಣ್ಣ ಕೊಳವೆಗಳಲ್ಲಿಯೂ ಅದೇ ಕಟ್ಟುವುದು, ಆದರೆ ಅದು ಕಣ್ಣಿಗೆ ಬೀಳುವುದಿಲ್ಲ. ಹಾಗೆಂದು ಲವಣವೇ ಇಲ್ಲದಂತೆ ಸೋಸಿದ ನೀರೂ ಹಿತವಲ್ಲ. ಕಾಫಿಯು ಸಪ್ಪೆಯಾಗುವುದಲ್ಲದೆ, ಕೆಲವು ಯಂತ್ರಗಳಲ್ಲಿ ನೀರಿನ ಮಟ್ಟವನ್ನು ಅರಿಯುವ ಸಾಧನವು ಅಂತಹ ನೀರನ್ನು ಗುರುತಿಸಲಾರದು. ಮೆದುವಾದ ಕುಡಿಯುವ ನೀರನ್ನು ಬಳಸಿ, ಯಂತ್ರದ ಕೈಪಿಡಿಯಲ್ಲಿ ಹೇಳಿದ ಕಾಲಕ್ಕೆ, ಹೇಳಿದ ದ್ರಾವಣದಿಂದಲೇ ಗಾರೆಯನ್ನು ತೆಗೆಯತಕ್ಕದ್ದು. ಪ್ರತಿದಿನ ಜಾಲರಿಯನ್ನು ತೊಳೆದು, ಆವಿಯ ಕೊಳವೆಯನ್ನು ಒದ್ದೆ ಬಟ್ಟೆಯಿಂದ ಒಡನೆಯೇ ಒರಸಿರಿ. ಒಣಗಿದ ಹಾಲು ಕಲ್ಲಾಗುವುದು.

ಇಲ್ಲದಿದ್ದರೂ ನಡೆಯುವುವು

ಟ್ಯಾಂಪರಿಗೆ ಪೀಠ, ಪುಡಿಯನ್ನು ಸಮಮಾಡುವ ತಿರುಗುಬಿಲ್ಲೆ, ಪುಡಿಯ ಮೇಲಿಡುವ ಉಕ್ಕಿನ ಜಾಲರಿ, ತಳವಿಲ್ಲದ ಹಿಡಿಕೆ ಇವು ಅನುಭವಿಗಳಿಗೆ ಅನುಕೂಲ, ಹೊಸಬರಿಗೆ ಭಾರ. ಇವುಗಳಲ್ಲಿ ಕೊನೆಯದೊಂದು ಮಾತ್ರ ನೀರು ಯಾವ ಕಡೆಯಿಂದ ತಪ್ಪಿಸಿಕೊಂಡು ಹರಿಯುತ್ತಿದೆಯೆಂಬುದನ್ನು ಕಣ್ಣಿಗೆ ಕಾಣಿಸಿ ಪಾಠ ಕಲಿಸುವುದು. ಚರಟವನ್ನು ತಟ್ಟುವುದಕ್ಕೆ ಹಳೆಯ ಡಬ್ಬಿಯೂ ಆದೀತು. ಆ ಚರಟವು ಗೊಬ್ಬರದ ಗುಂಡಿಗೆ ಒಳ್ಳೆಯ ಆಹಾರ.

ಸಾಮಗ್ರಿಗಿಂತಲೂ ಮೇಲಾದುದು ಬೀಜ. ಭಾರತದ ಕಾಫಿಯಲ್ಲಿ ಬಹುಪಾಲು ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳದೇ. ಅದನ್ನು ಕೊಳ್ಳುವ ದೇಶಗಳಲ್ಲಿ ಇಟಲಿಯು ಮುಂಚೂಣಿಯಲ್ಲಿದೆ. ನಮ್ಮ ಮಲೆನಾಡಿನ ಬೀಜವು ಅವರ ಬಟ್ಟಲಿಗೆ ನೊರೆಯನ್ನು ಕೊಡುತ್ತಿರುವಾಗ, ನಾವು ಹುರಿದ ತಾರೀಖು ಇಲ್ಲದ ಬೀಜವನ್ನು ಕೊಳ್ಳುವುದು ಅವಿವೇಕ. ಹುರಿದು ಒಂದು ವಾರ ಕಳೆದ, ಒಂದು ತಿಂಗಳು ಮೀರದ ಬೀಜವನ್ನು ಸ್ವಲ್ಪಸ್ವಲ್ಪವಾಗಿ ತಂದು, ಬೇಕಾದಾಗಲೇ ಬೀಸಿಕೊಳ್ಳಿರಿ.

ನಮ್ಮ ಸ್ನೇಹಿತರ ಕಥೆಯನ್ನು ಮುಗಿಸಿಬಿಡುವೆವು. ಅವರು ಯಂತ್ರವನ್ನು ಮಾರಲಿಲ್ಲ. ಪೀಠವನ್ನೂ ಬಟ್ಟಲುಗಳನ್ನೂ ಬೇರೊಬ್ಬರಿಗೆ ಕೊಟ್ಟು, ಬಂದ ಹಣಕ್ಕೆ ಇನ್ನಷ್ಟು ಸೇರಿಸಿ ಕೈಬೀಸುವ ಯಂತ್ರವನ್ನು ತಂದರು. ಈಗ ಸಂಜೆಯ ಕಾಫಿ ಎಸ್ಪ್ರೆಸೋ. ಮುಂಜಾನೆಯದು ಮಾತ್ರ ತಾಯಿಯವರ ಫಿಲ್ಟರಿನದೇ. ಎರಡಕ್ಕೂ ಪುಡಿಯ ಹದವನ್ನು ಬೆರಳ ತುದಿಯಲ್ಲಿ ತಿಕ್ಕಿ ನೋಡಿ ಒಪ್ಪಿಗೆ ಕೊಡುವವರು ಅವರೇ.