ಫೆಸ್‌ನ ಪಳ್ಳಿಯಲ್ಲಿ ಕೇಳಿದ ಫಾತಿಹಾ

ಮಕ್ಕಾ, ಮದೀನಾ ಕಂಡವರು ನಮ್ಮ ಬ್ಯಾರಿ ಮನೆಗಳಲ್ಲಿ ಈಗ ಬೇಕಾದಷ್ಟು ಇದ್ದಾರೆ. ದುಬೈ, ದಮಾಮ್ ಅಂತೂ ಪಕ್ಕದ ಪೇಟೆ ಇದ್ದ ಹಾಗೆ. ಆದರೆ ಮೊರೊಕ್ಕೊಗೆ ಹೋಗಿ ಬಂದವರು ಕಡಿಮೆ. ಮದ್ರಸದಲ್ಲಿ ಪಾಠ ಹೇಳುವ ನಮ್ಮಂಥವರಿಗೆ ಅದು ಕೈಗೆಟಕುವ ಊರೂ ಅಲ್ಲ. ದುಬೈಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ಜನವರಿಯಲ್ಲಿ ತನ್ನ ಬಾಪ, ಉಮ್ಮನನ್ನು ಕರೆದುಕೊಂಡು ಹೊರಟ. "ಉಸ್ತಾದ್, ಅರಬಿ ಬರುವವರು ಒಬ್ಬರು ಜೊತೆಗೆ ಬೇಕು" ಎಂದು ನಮ್ಮ ಟಿಕೆಟನ್ನೂ ತೆಗೆದ. ನಸೀಬ್ ಇತ್ತು, ಹೋದೆವು.

ಮೊದಲ ದಿನವೇ ನಮ್ಮ ಅರಬಿಯ ಬಂಡವಾಳ ಗೊತ್ತಾಯಿತು. ನಾವು ಕಿತಾಬಿನ ಅರಬಿಯಲ್ಲಿ ನಹ್ವು ತಪ್ಪದ ಹಾಗೆ ಒಂದು ವಾಕ್ಯ ಜೋಡಿಸಿ ಕೇಳಿದರೆ ಟೀ ಅಂಗಡಿಯವ ನಗುತ್ತಾನೆ. ಅವನು 'ದಾರಿಜಾ'ದಲ್ಲಿ ಉತ್ತರ ಕೊಟ್ಟರೆ ನಮಗೆ ಒಂದು ಅಕ್ಷರ ತಿಳಿಯುವುದಿಲ್ಲ. ಕೊನೆಗೆ ಗೈಡ್ ಜೊತೆ ಕೆಲಸ ಸಾಗಿದ್ದು ನಮ್ಮ ಪಿಯುಸಿ ಇಂಗ್ಲಿಷಿನಲ್ಲಿ. ನಾವು ಕಲಿತ ಒಂದೇ ಒಂದು ಶಬ್ದ 'ವಾಖಾ', ಅಂದರೆ ಆಯ್ತು. ಅದೊಂದರಲ್ಲೇ ಎಂಟು ದಿನ ಕಳೆದವು.

ಮೊರೊಕ್ಕೊದಲ್ಲಿ ರಾಜನಗರಗಳು ನಾಲ್ಕು: ರಬಾತ್, ಮಕ್ನಾಸ್, ಫೆಸ್, ಮರ್ರಾಕೇಶ್. ಒಬ್ಬೊಬ್ಬ ಸುಲ್ತಾನರ ಕಾಲದಲ್ಲಿ ಒಂದೊಂದು ರಾಜಧಾನಿ. ದೊಡ್ಡ ಗುಂಪಿನ ಬಸ್ಸಿಗೆ ಸೇರದೆ ನಮಗೇ ಒಂದು ವ್ಯಾನ್, ಒಬ್ಬ ಡ್ರೈವರ್, ಪ್ರತಿ ನಗರಕ್ಕೂ ಸರಕಾರದ ಲೈಸೆನ್ಸ್ ಇರುವ ಗೈಡ್ ಎಂದು ಮಾಡಿಕೊಂಡಿದ್ದೆವು. ಹಣ ಸ್ವಲ್ಪ ಹೆಚ್ಚು. ಆದರೆ ಮೊಣಕಾಲು ನೋವಿನ ಬಾಪ ಇರುವಾಗ, ಲುಹರ್‌ಗೆ ದಾರಿಯಲ್ಲಿ ನಿಲ್ಲಿಸಬೇಕು ಎನ್ನುವಾಗ, ಇದೇ ಸರಿ. ಒಂದು ಮಾತು ಮಾತ್ರ ಬೆಳಿಗ್ಗೆಯೇ ಹೇಳಿಬಿಡಬೇಕು: ಅಂಗಡಿ ಬೇಡ. ನಾವು ಹೇಳಲು ಮರೆತೆವು. ಒಬ್ಬ ಗೈಡ್ "ಹಳೆಯ ಮನೆ ತೋರಿಸುತ್ತೇನೆ" ಎಂದು ಕಂಬಳಿ ಅಂಗಡಿಗೆ ಕರೆದೊಯ್ದು, ಪುದೀನ ಚಾ ಕುಡಿಸಿ, ಇಪ್ಪತ್ತು ಮೂವತ್ತು ಕಂಬಳಿ ಬಿಡಿಸಿ ಹಾಕಿಸಿದ. ಚಾ ಕುಡಿದ ಮೇಲೆ ಎದ್ದು ಬರಲು ನಮ್ಮವರಿಗೆ ದಾಕ್ಷಿಣ್ಯ. ಉಮ್ಮನಿಗೆ ಆ ದಾಕ್ಷಿಣ್ಯ ಇರಲಿಲ್ಲ, ಅಲ್‌ಹಂದುಲಿಲ್ಲಾಹ್.

ರಬಾತ್‌ನಲ್ಲಿ ನೋಡುವಂಥದ್ದು ಮುಗಿಯದೇ ಉಳಿದ ಪಳ್ಳಿ. ಸುಲ್ತಾನ್ ಯಾಕೂಬ್ ಅಲ್ ಮನ್ಸೂರ್ ದೊಡ್ಡದೊಂದು ಮಸೀದಿಗೆ ಕೈ ಹಾಕಿದರು. 1199ರಲ್ಲಿ ಅವರು ತೀರಿಕೊಂಡರು, ಕೆಲಸ ನಿಂತಿತು. 1755ರ ಭೂಕಂಪದಲ್ಲಿ ಇದ್ದದ್ದೂ ಬಿತ್ತು. ಈಗ ನಿಂತಿರುವುದು 44 ಮೀಟರ್ ಎತ್ತರದ ಹಸ್ಸಾನ್ ಮಿನಾರ, ಅದರೆದುರು ಸಾಲು ಸಾಲು ಮೊಂಡು ಕಂಬಗಳು. ಮಕ್ನಾಸ್ ಮೂಲಾಯ್ ಇಸ್ಮಾಯೀಲರ ನಗರ. 1672ರಿಂದ 1727ರವರೆಗೆ ಆಳಿದವರು. ಮರ್ರಾಕೇಶ್‌ನ ಬದೀ ಅರಮನೆಯ ಅಮೃತಶಿಲೆ ಕೀಳಿಸಿ ತಂದು ಇಲ್ಲಿ ಕಟ್ಟಿಸಿದರು, ಕೈದಿಗಳಿಂದ ದುಡಿಸಿದರು. ಬಾಬ್ ಮನ್ಸೂರ್ ಎಂಬ ಹೆಬ್ಬಾಗಿಲು ಮುಗಿಯುವಷ್ಟರಲ್ಲಿ ಅವರೇ ಇರಲಿಲ್ಲ, 1732ರಲ್ಲಿ ಮಗ ಮುಗಿಸಿದ್ದು. ಚೆಂದ ಉಂಟು, ಇಲ್ಲ ಎನ್ನುವುದಿಲ್ಲ. ನಮಗೇಕೋ ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು ಅನ್ನಿಸಲಿಲ್ಲ.

ಫೆಸ್ ಹಾಗಲ್ಲ. ಪ್ರವಾದಿಯವರ (ಸ) ಮೊಮ್ಮಗ ಹಸನ್ (ರ) ಅವರ ಸಂತತಿಯ ಇದ್ರೀಸರು ಕಟ್ಟಿದ ಊರು. ಹಳೆಯ ಪೇಟೆಯೊಳಗೆ ವಾಹನವೇ ಇಲ್ಲ, ಸಾಮಾನು ಹೊರುವುದು ಕತ್ತೆ, ಹೇಸರಗತ್ತೆ. ಹಿಂದಿನಿಂದ "ಬಲಾಕ್! ಬಲಾಕ್!" ಎಂದು ಕೂಗು ಬಂದರೆ ಗೋಡೆಗೆ ಅಂಟಿ ನಿಲ್ಲಬೇಕು. ಚರ್ಮ ಹದ ಮಾಡುವ ಕೊಳಗಳ ಹತ್ತಿರ ಹೋಗುವಾಗ ಮೂಗಿಗೆ ಹಿಡಿಯಲು ಪುದೀನ ಕೊಡುತ್ತಾರೆ. ಮೂಲಾಯ್ ಇದ್ರೀಸರ ದರ್ಗಾದ ಸುತ್ತ ಮೇಣದ ಬತ್ತಿ ಮಾರುವವರ ಸಾಲು. ಬಾಪ ನೋಡಿ, "ಇದೆಂತ, ನಮ್ಮ ಉಳ್ಳಾಲಕ್ಕೆ ಬಂದ ಹಾಗೆ ಆಯ್ತಲ್ಲ" ಎಂದರು.

ಕರವಿಯ್ಯೀನ್ ಪಳ್ಳಿ ಈ ಪೇಟೆಯ ನಡುವೆ ಇದೆ. ಕೈರವಾನ್‌ನಿಂದ ವಲಸೆ ಬಂದ ಮನೆತನದ ಫಾತಿಮಾ ಅಲ್ ಫಿಹ್ರಿ ಎಂಬ ಮಹಿಳೆ ತಂದೆಯಿಂದ ಬಂದ ಆಸ್ತಿಯನ್ನೆಲ್ಲ ಹಾಕಿ 859ರಲ್ಲಿ ಕಟ್ಟಿಸಿದರೆಂದು ಪ್ರತೀತಿ. ಅವರ ತಂಗಿ ಮರಿಯಂ ಅಂದಲೂಸಿಗಳ ಪಳ್ಳಿ ಕಟ್ಟಿಸಿದರಂತೆ. ಗೈಡ್ ಹೇಳಿದ್ದನ್ನು ನಾವು ಬ್ಯಾರಿಯಲ್ಲಿ ವಿವರಿಸಿದೆವು. ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಾಪನ ಪಾಲು ಅವಳ ಕೈಗೆ ಸರಿಯಾಗಿ ಸಿಕ್ಕಿತ್ತಲ್ಲ ಉಸ್ತಾದ್" ಎಂದರು. ಮೀರಾಸಿನ ಪಾಠ ನಾವು ಪ್ರತಿವರ್ಷ ಮಾಡುತ್ತೇವೆ. ತಂಗಿಯರಿಂದ ಸಹಿ ಹಾಕಿಸಿಕೊಳ್ಳುವ ಅಣ್ಣಂದಿರು ನಮ್ಮ ಮಹಲ್ಲಿನಲ್ಲೂ ಇದ್ದಾರೆ. ನಾವು ಎಂತ ಉತ್ತರ ಕೊಡುವುದು?

ಮರುದಿನ ಸುಬಹಿಗೆ ಹೋಟೆಲ್ ಹತ್ತಿರದ ಸಣ್ಣ ಪಳ್ಳಿಗೆ ಹೋದೆವು. ಅಲ್ಲಿ ಎಲ್ಲರೂ ಮಾಲಿಕಿ ಮದ್‌ಹಬ್, ಕೈ ಕಟ್ಟದೆ ಇಳಿಬಿಟ್ಟು ನಿಲ್ಲುವವರೇ ಹೆಚ್ಚು. ಇಮಾಮರು ಫಾತಿಹಾ ಶುರು ಮಾಡಿದರು. ಬಿಸ್ಮಿ ಕೇಳಿಸಲಿಲ್ಲ. ಆಮೇಲೆ ನಾವು 'ಮಾಲಿಕಿ' ಎಂದು ಎಳೆಯುವಲ್ಲಿ ಅವರು ಎಳೆಯದೆ 'ಮಲಿಕಿ' ಎಂದರು.

ನಮಾಝ್ ಮುಗಿದದ್ದೇ ಬಾಪ ತೋಳು ಹಿಡಿದರು. "ಬಿಸ್ಮಿಯೂ ಇಲ್ಲ, ಓತೂ ತಪ್ಪು. ಮಡಕ್ಕಿ ನಿಸ್ಕರಿಸಬೇಕಾ?" ಬಿಸ್ಮಿಯ ವಿಷಯ ಶಾಫಿಈ, ಮಾಲಿಕಿ ಕಿತಾಬುಗಳಲ್ಲಿ ದೊಡ್ಡ ಚರ್ಚೆ, ಅದು ಪತ್ರಿಕೆಯಲ್ಲಿ ಮುಗಿಯುವಂಥದ್ದಲ್ಲ, ಅವರವರ ಉಸ್ತಾದರಲ್ಲಿ ಕೇಳಿ. ಓತಿನ ವಿಷಯ ಮಾತ್ರ ಅಲ್ಲಿಯೇ ಹೇಳಿದೆವು. ಅದು ತಪ್ಪಲ್ಲ. ನಾವು ಓದುವುದು ಆಸಿಂ ಇಮಾಮರಿಂದ ಹಫ್ಸ್ ತಂದ ಕಿರಾಅತ್. ಮೊರೊಕ್ಕೊದವರು ಓದುವುದು ಮದೀನಾದ ನಾಫಿಅ್ ಇಮಾಮರಿಂದ ವರ್ಶ್ ತಂದದ್ದು. ಎರಡೂ ಸರಿಯಾದ ಪರಂಪರೆ. ಎಳೆದರೆ 'ಒಡೆಯ', ಎಳೆಯದಿದ್ದರೆ 'ರಾಜ'. ಮುಸ್‌ಹಫ್ ತೆಗೆದು ತೋರಿಸಿದೆವು. ಅಲ್ಲಿನ ಲಿಪಿಯಲ್ಲಿ ಫಾ ಅಕ್ಷರಕ್ಕೆ ಚುಕ್ಕೆ ಕೆಳಗೆ, ಕಾಫ್‌ಗೆ ಮೇಲೊಂದೇ ಚುಕ್ಕೆ. ಇಪ್ಪತ್ತು ವರ್ಷ ಓತು ಹೇಳಿಕೊಟ್ಟ ನಾವೇ ಕಾಫನ್ನು ಫಾ ಎಂದು ಓದಿ ತೊದಲಿದೆವು. ಸುತ್ತ ಜನರು ಒಟ್ಟಾಗಿ ಕುಳಿತು ಆ ದಿನದ ಹಿಝ್ಬ್ ಒಂದೇ ಸ್ವರದಲ್ಲಿ ಓದುತ್ತಿದ್ದರು. ಸುಬಹಿಗೆ ಒಂದು, ಮಗ್ರಿಬ್‌ಗೆ ಒಂದು, ತಿಂಗಳಿಗೆ ಖತಂ.

ಬಾಪನಿಗೆ ಸಮಾಧಾನವಾಯಿತು. ನಮಗೆ ಆಗಲಿಲ್ಲ. 2011ರಲ್ಲಿ ಲಿಬಿಯಾದಲ್ಲಿ ಗಲಾಟೆಯಾದಾಗ ಅಲ್ಲಿದ್ದ ಒಂದು ಕುಟುಂಬ ಊರಿಗೆ ಮರಳಿತು. ಎಂಟು ವರ್ಷದ ಹುಡುಗ ನಮ್ಮ ತರಗತಿಗೆ ಬಂದ. ಫಾತಿಹಾ ಓದು ಎಂದರೆ 'ಮಲಿಕಿ' ಎಂದ. ತಿದ್ದಿದೆವು. ಮತ್ತೆ ಹಾಗೆಯೇ ಓದಿದ. "ಅಲ್ಲಿಯ ಉಸ್ತಾದ್ ಹೀಗೇ ಹೇಳಿಕೊಟ್ಟದ್ದು" ಎಂದ. ಎದುರು ಮಾತಾಡುತ್ತಾನೆಂದು ಬೆಂಚಿನ ಮೇಲೆ ನಿಲ್ಲಿಸಿದೆವು, ಮಕ್ಕಳೆಲ್ಲ ನಕ್ಕರು. ಲಿಬಿಯಾದವರ ಓತು ಕಾಲೂನ್ ತಂದದ್ದು, ಅದೂ ನಾಫಿಅ್ ಇಮಾಮರದ್ದೇ. ಏಳು ಕಿರಾಅತ್ ಇದೆ ಎಂದು ನಾವು ಕಿತಾಬಿನಲ್ಲಿ ಓದಿದ್ದೆವು, ಪರೀಕ್ಷೆಯಲ್ಲಿ ಬರೆದೂ ಇದ್ದೆವು. ಎದುರಿಗೆ ನಿಂತ ಮಗುವಿನ ಬಾಯಲ್ಲಿ ಬಂದಾಗ ಗುರುತಾಗಲಿಲ್ಲ.

ಅದೇ ದಿನ ಬೂ ಇನಾನಿಯ್ಯ ಮದ್ರಸ ನೋಡಿದ್ದು. ಅದನ್ನು ಕಟ್ಟಿಸಿದ ಸುಲ್ತಾನ್ ಅಬೂ ಇನಾನರೇ ಇಬ್ನು ಬತೂತರ ಪ್ರವಾಸಕಥನ ಬರೆಸಿದವರು. ಇಬ್ನು ಬತೂತ ಹೇಳಿದರು, ಇಬ್ನು ಜುಝಯ್ಯ್ ಬರೆದರು, 1355ರಲ್ಲಿ ಮುಗಿಯಿತು. ಅದರಲ್ಲಿ ನಮ್ಮ ಮಂಗಳೂರು ಉಂಟು, 'ಮಂಜರೂರ್' ಎಂದು. ಅಲ್ಲಿ ಸುಮಾರು 4,000 ಮುಸ್ಲಿಮರು, ಯಮನ್, ಫಾರ್ಸ್‌ನ ವರ್ತಕರು, ಕರಿಮೆಣಸು, ಶುಂಠಿ, ಶಾಫಿಈ ಮದ್‌ಹಬಿನ ಒಬ್ಬ ಖಾಝಿ, ಎಲ್ಲ ದಾಖಲಾಗಿದೆ. ಮಾಲಿಕಿಯಾದ ಅವರು ನಮ್ಮ ಬಂದರಿಗೆ ಬಂದಾಗ ನಮ್ಮ ಹಿರಿಯರು ಅವರನ್ನು ಬೆಂಚಿನ ಮೇಲೆ ನಿಲ್ಲಿಸಿರಲಿಕ್ಕಿಲ್ಲ.

ಮರ್ರಾಕೇಶ್‌ಗೆ ಹೋಗುವವರು ಚೌಕದ ಹಾವಾಡಿಗರನ್ನು ನೋಡಲಿ, ಕುತುಬಿಯ್ಯದ 77 ಮೀಟರ್ ಮಿನಾರ ನೋಡಲಿ. ಆದರೆ ಎರಡು ಝಿಯಾರತ್ ಬಿಡಬಾರದು. ದಲಾಇಲುಲ್ ಖೈರಾತ್ ಬರೆದ ಇಮಾಂ ಜಝೂಲಿ, ಅಶ್ಶಿಫಾ ಬರೆದ ಖಾಝಿ ಇಯಾಝ್, ಇಬ್ಬರೂ ಅಲ್ಲಿಯೇ ಮಲಗಿದ್ದಾರೆ. ನಮ್ಮ ಗೈಡ್‌ನ ಪಟ್ಟಿಯಲ್ಲಿ ಎರಡೂ ಇರಲಿಲ್ಲ, ಕೇಳಿ ಹೋದೆವು. ಬಿನ್ ಯೂಸುಫ್ ಮದ್ರಸದ ಚಿಕ್ಕ ಚಿಕ್ಕ ಕೋಣೆಗಳಲ್ಲಿ ನಮ್ಮ ಪಳ್ಳಿ ದರ್ಸಿನ ದಿನಗಳು ನೆನಪಾದವು. ಚಾಪೆ, ಪೆಟ್ಟಿಗೆ, ಮನೆಮನೆಯಿಂದ ಬರುವ ಊಟ.

ಫೆಸ್‌ನಲ್ಲಿ ಒಂದು ವರ್ಶ್ ಮುಸ್‌ಹಫ್ ಖರೀದಿಸಿದ್ದೆವು. ಊರಿಗೆ ಬಂದು ವಾರ ಕಳೆದ ಮೇಲೆ ಆ ಹುಡುಗನನ್ನು ಹುಡುಕಿಕೊಂಡು ಹೋದೆವು. ಈಗ ಮೊಬೈಲ್ ಅಂಗಡಿಯಲ್ಲಿದ್ದಾನೆ. ನಡೆದದ್ದನ್ನು ಹೇಳಿ, ನೀನು ಓದಿದ್ದು ಸರಿ ಇತ್ತು, ಮಾಫ್ ಮಾಡು ಎಂದೆವು. ಅವನಿಗೆ ಬೆಂಚು ನೆನಪಿತ್ತು. ಮುಸ್‌ಹಫ್ ತೆರೆದು ಸ್ವಲ್ಪ ಹೊತ್ತು ನೋಡಿದ. "ಈಗ ನನಗೂ ಎಳೆದೇ ಬರುವುದು ಉಸ್ತಾದ್" ಎಂದ. ಆಮೇಲೆ ಗಿರಾಕಿ ಬಂದರು, ಮುಸ್‌ಹಫನ್ನು ಎತ್ತರದ ಕಪಾಟಿನಲ್ಲಿಟ್ಟು ಕೌಂಟರಿಗೆ ಹೋದ.