ಭತ್ತದ ನಾಡಿನಲ್ಲಿ ಕಡಲ ಮೀನು: ಉಪ್ಪಿನ ಲೆಕ್ಕ ತಪ್ಪಿದರೆ ಉಳಿಗಾಲವಿಲ್ಲ

ಹೊಸಪೇಟೆ: ಊರಿನ ಮಗ್ಗುಲಲ್ಲೇ ತುಂಗಭದ್ರಾ ಜಲಾಶಯವಿದ್ದರೂ ಕಡಲ ಮೀನಿಗೆ ಒಗ್ಗುವ ಒಂದು ಹನಿ ನೀರೂ ಇಲ್ಲಿ ಸಿಗದು. ಹುಬ್ಬಳ್ಳಿ ಮಾರ್ಗವಾಗಿ ಅಂಕೋಲೆಯ ತೀರ ಮುಟ್ಟಲು ಮುನ್ನೂರು ಕಿ.ಮೀ.ಗೆ ಹತ್ತಿರದ ದೂರ ಕ್ರಮಿಸಬೇಕು. ಹೀಗಾಗಿ ಮನೆಯ ಗಾಜಿನ ತೊಟ್ಟಿಯಲ್ಲಿ ಕಡಲ ಮೀನು ಸಾಕಬಯಸುವವರು ಮೊದಲು ಕಡಲನ್ನೇ ತಯಾರಿಸಿಕೊಳ್ಳಬೇಕಾಗುತ್ತದೆ. ತಯಾರಿಕೆ ಒಂದು ದಿನದ ಕೆಲಸ. ಅದನ್ನು ಕಾಯ್ದುಕೊಳ್ಳುವುದು ನಿತ್ಯದ ಕೆಲಸ.

ಸಮುದ್ರದ ಒಂದು ಕಿಲೋ ನೀರಿನಲ್ಲಿ ಸರಾಸರಿ 35 ಗ್ರಾಂ ಲವಣವಿರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದರ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು. ಕಡಲ ಮೀನು ಸದಾ ನೀರು ಕುಡಿಯುತ್ತ, ಹೆಚ್ಚುವರಿ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕುತ್ತ ಬದುಕುವ ಜೀವಿ. ಸುತ್ತಲಿನ ಲವಣಾಂಶ ದಿಢೀರನೆ ಏರಿದರೆ ಅಥವಾ ಇಳಿದರೆ ಈ ವ್ಯವಸ್ಥೆಯೇ ಕುಸಿಯುತ್ತದೆ.

ಅಂಗಡಿಯ ಉಪ್ಪು ಸಾಲದು

ಅಡುಗೆ ಉಪ್ಪು ಕರಗಿಸಿದರೆ ಸಮುದ್ರದ ನೀರಾಗದೇ ಎಂಬ ಪ್ರಶ್ನೆ ಸಹಜ. ಆಗದು. ಗೋಕರ್ಣದ ಸಮೀಪದ ಸಾಣಿಕಟ್ಟಾದಂಥ ಆಗರಗಳಲ್ಲಿ ಬಿಸಿಲಿಗೆ ನೀರು ಆವಿಯಾದಾಗ ಸೋಡಿಯಂ ಕ್ಲೋರೈಡ್ ಹರಳುಗಟ್ಟುತ್ತದೆ. ಮೆಗ್ನೀಸಿಯಂ ಲವಣಗಳು ಬಹುಪಾಲು ಉಳಿದ ಕಹಿನೀರಿನಲ್ಲೇ ಹೋಗಿಬಿಡುತ್ತವೆ. ಕ್ಯಾಲ್ಸಿಯಂ, ಪೊಟಾಸಿಯಂ, ಬೈಕಾರ್ಬೊನೇಟ್‌ಗಳ ಪ್ರಮಾಣವೂ ಸಮುದ್ರದಲ್ಲಿದ್ದಂತೆ ಉಳಿಯುವುದಿಲ್ಲ. ಆದ್ದರಿಂದ ಅಕ್ವೇರಿಯಂಗೆಂದೇ ಸಿದ್ಧಪಡಿಸಿದ ಲವಣ ಮಿಶ್ರಣ ಅನಿವಾರ್ಯ. ನೂರು ಲೀಟರ್ ನೀರಿಗೆ ಸುಮಾರು ಮೂರೂವರೆಯಿಂದ ನಾಲ್ಕು ಕಿಲೋ ಬೇಕು. ಬೇರೆ ಪಾತ್ರೆಯಲ್ಲಿ ಕರಗಿಸಿ, ಪಂಪಿನಿಂದ ಒಂದು ದಿನ ಕಲಕಿ, ಅಳೆದ ಬಳಿಕವೇ ತೊಟ್ಟಿಗೆ ಸುರಿಯಬೇಕು.

ಅಳೆಯಲು ತೇಲುವ ಹೈಡ್ರೋಮೀಟರ್ ಅಗ್ಗ. ಆದರೆ ಉಷ್ಣಾಂಶಕ್ಕೆ ತಕ್ಕಂತೆ ಅದರ ಓದು ಬದಲಾಗುತ್ತದೆ. ಸ್ವಲ್ಪ ಹೆಚ್ಚು ಖರ್ಚಾದರೂ ರಿಫ್ರಾಕ್ಟೋಮೀಟರ್ ಮೇಲು. ಅದನ್ನೂ ಆಗಾಗ 35ರ ಮಾದರಿ ದ್ರಾವಣದಿಂದ ಸರಿಹೊಂದಿಸಿಕೊಳ್ಳಬೇಕು.

ಇನ್ನು ಮೂಲ ನೀರು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಜಲಾಶಯದ ನೀರು ಮಳೆಗಾಲದಲ್ಲಿ ಕೆಂಪಾಗಿ, ಕೆಲವು ವರ್ಷ ಪಾಚಿಯಿಂದ ಹಸಿರಾಗಿ ಕಾಣುವುದು ಸ್ಥಳೀಯರಿಗೆ ಹೊಸದಲ್ಲ. ಕೊಳವೆಬಾವಿಯ ನೀರು ಗಡುಸು; ನೈಟ್ರೇಟ್ ಇರುವ ಸಂಭವವೂ ಉಂಟು. ಹಾಗಾಗಿ ಆರ್‌ಓ ನೀರೇ ಸೂಕ್ತ. ಇಲ್ಲೊಂದು ಸೂಕ್ಷ್ಮವಿದೆ: ಮನೆಬಳಕೆಯ ಹಲವು ಆರ್‌ಓ ಯಂತ್ರಗಳು ರುಚಿಗಾಗಿ ಖನಿಜಾಂಶವನ್ನು ಮತ್ತೆ ಸೇರಿಸುತ್ತವೆ. ಟಿಡಿಎಸ್ ಮೀಟರಿನಲ್ಲಿ ಸೊನ್ನೆಗೆ ಹತ್ತಿರದ ಅಂಕಿ ಬರುವ ನೀರನ್ನೇ ಬಳಸಬೇಕು.

ಅಲಂಕಾರದ ಕಲ್ಲಿನ ವಿಷಯದಲ್ಲೂ ಎಚ್ಚರ ಅಗತ್ಯ. ಹಂಪಿ ಸುತ್ತಲಿನ ಗ್ರಾನೈಟ್ ನೀರಿಗೆ ಏನನ್ನೂ ಬಿಡದು, ಹಾಗೆಯೇ ಏನನ್ನೂ ಕೊಡದು. ಕಡಲ ತೊಟ್ಟಿಗೆ ಬೇಕಾದ್ದು ಸುಣ್ಣದಂಶದ ಮರಳು. (ಸಂರಕ್ಷಿತ ಪ್ರದೇಶದಿಂದ ಕಲ್ಲು ಹೆಕ್ಕಿ ತರುವ ಮಾತಂತೂ ಬೇಡ.) ಸಂಡೂರಿನ ಅದಿರಿನ ಕಲ್ಲುಗಳನ್ನು ಹಾಕದಿರುವುದೇ ಲೇಸು. ಅಲ್ಲಿನ ಕೆಂಧೂಳು ಮುಚ್ಚಳವಿಲ್ಲದ ತೊಟ್ಟಿಯನ್ನೂ ಫಿಲ್ಟರನ್ನೂ ಬೇಗ ಕೆಡಿಸುತ್ತದೆ.

ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ

ಹೊಸಬರು ಎಡವುವುದು ಬಹುತೇಕ ಇಲ್ಲಿಯೇ. ಏಪ್ರಿಲ್, ಮೇ ತಿಂಗಳಲ್ಲಿ ಈ ಭಾಗದ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ನೂರು ಲೀಟರಿನ ತೊಟ್ಟಿಯಿಂದ ದಿನಕ್ಕೆರಡು ಲೀಟರ್ ಆವಿಯಾಯಿತೆನ್ನಿ. ಐದು ದಿನಕ್ಕೆ ಹತ್ತು ಲೀಟರ್ ಹೋಯಿತು, ಉಪ್ಪು ಮಾತ್ರ ಅಷ್ಟೇ ಇದೆ. 35 ಇದ್ದ ಲವಣಾಂಶ 39ರ ಸಮೀಪಕ್ಕೆ ಏರಿತು. ಕಡಿಮೆಯಾದ ಜಾಗಕ್ಕೆ ಉಪ್ಪುನೀರನ್ನೇ ತುಂಬಿದರೆ ಏರಿಕೆ ಕಾಯಂ ಆಗುತ್ತದೆ. ಅಲ್ಲಿಗೆ ಸೇರಬೇಕಾದ್ದು ಉಪ್ಪಿಲ್ಲದ ಆರ್‌ಓ ನೀರು. ಗಾಜಿನ ಮೇಲೆ ನೀರಿನ ಮಟ್ಟಕ್ಕೊಂದು ಗೆರೆ ಎಳೆದು, ದಿನವೂ ಬೆಳಿಗ್ಗೆ ಆ ಗೆರೆಯವರೆಗೆ ತುಂಬುವುದು ಸುಲಭ ಉಪಾಯ. ಐದು ದಿನದ ಕೊರತೆಯನ್ನು ಒಮ್ಮೆಲೇ ನೀಗಿಸುವುದು ಕೊರತೆಯಷ್ಟೇ ಅಪಾಯಕರ.

ಬಿಸಿಲಿನ ಇನ್ನೊಂದು ಪೆಟ್ಟು ಆಮ್ಲಜನಕಕ್ಕೆ. 25 ಡಿಗ್ರಿಯಲ್ಲಿ ಒಂದು ಲೀಟರ್ ಸಿಹಿನೀರು 8 ಮಿಲಿಗ್ರಾಂಗಿಂತ ತುಸು ಹೆಚ್ಚು ಆಮ್ಲಜನಕ ಹಿಡಿದಿಟ್ಟರೆ ಉಪ್ಪುನೀರು 7 ಮಿಲಿಗ್ರಾಂ ಕೂಡ ಹಿಡಿಯದು. ಬಿಸಿ ಏರಿದಂತೆ ಅದೂ ಇಳಿಯುತ್ತದೆ. ನೀರಿನ ಮೇಲ್ಮೈಗೆ ಫ್ಯಾನ್ ತಿರುಗಿಸಿದರೆ ಎರಡು ಮೂರು ಡಿಗ್ರಿ ತಗ್ಗಬಹುದು, ಆದರೆ ಆವಿ ಇನ್ನಷ್ಟು ಹೆಚ್ಚುತ್ತದೆ. ಕರೆಂಟು ಹೋದಾಗ ಕೈಕೊಡದಂತೆ ಬ್ಯಾಟರಿಯ ಏರ್ ಪಂಪ್ ಒಂದನ್ನು ಇಟ್ಟುಕೊಳ್ಳಬೇಕು.

ಮೀನಿನ ಮಲ, ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಈ ಬ್ಯಾಕ್ಟೀರಿಯಾಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಮೀನು ಬಿಡುವಂತಿಲ್ಲ. ಕಡಲ ನೀರಿನ ಪಿಎಚ್ 8.2ರ ಸುತ್ತ ಇರುವುದರಿಂದ, ಪಿಎಚ್ 7ರ ಸಿಹಿನೀರಿಗೆ ಹೋಲಿಸಿದರೆ ಅಮೋನಿಯಾದ ವಿಷಕಾರಿ ಭಾಗ ಹತ್ತು ಪಟ್ಟಿಗೂ ಮಿಗಿಲು. ಸಿಹಿನೀರಿನ ಗೋಲ್ಡ್ ಫಿಶ್ ಸಹಿಸಿಕೊಂಡ ನಿರ್ಲಕ್ಷ್ಯವನ್ನು ಕಡಲ ಮೀನು ಸಹಿಸದಿರಲು ಇದೂ ಒಂದು ಕಾರಣ. ನೈಟ್ರೇಟ್ ತಗ್ಗಿಸಲು ವಾರಕ್ಕೊಮ್ಮೆ ಶೇ 10ರಷ್ಟು ನೀರು ಬದಲಿಸುವುದು ರೂಢಿ.

ಹೊರಚೆಲ್ಲುವುದು ಎಲ್ಲಿಗೆ?

ಈ ಪ್ರಶ್ನೆಯನ್ನು ಕೇಳುವವರು ಕಡಿಮೆ. ನೂರು ಲೀಟರಿನ ತೊಟ್ಟಿಯಿಂದ ವಾರಕ್ಕೆ ಹತ್ತು ಲೀಟರ್ ತೆಗೆದರೆ 350 ಗ್ರಾಂ ಉಪ್ಪು ಹೊರಬರುತ್ತದೆ. ವರ್ಷಕ್ಕೆ ಅದು 18 ಕಿಲೋ. ಕಂಪ್ಲಿ, ಗಂಗಾವತಿ, ಸಿರುಗುಪ್ಪ ಭಾಗದ ರೈತರಿಗೆ ಉಪ್ಪಿನ ಪಾಡು ವಿವರಿಸಬೇಕಿಲ್ಲ. 1953ರಿಂದ ಕಾಲುವೆ ನೀರು ಹರಿದ ತುಂಗಭದ್ರಾ ಅಚ್ಚುಕಟ್ಟಿನ ತಗ್ಗು ಜಮೀನುಗಳಲ್ಲಿ ಅತಿಯಾದ ನೀರುಣಿಸುವಿಕೆ, ಬಸಿಗಾಲುವೆಯ ಕೊರತೆಗಳಿಂದ ಜೌಗು, ಸವಳು ಹಬ್ಬಿವೆ. ಅಲ್ಲಿ ನಡೆದದ್ದೂ ತೊಟ್ಟಿಯಲ್ಲಿ ನಡೆಯುವುದೇ: ನೀರು ಆವಿಯಾಗಿ ಉಪ್ಪು ಮೇಲುಳಿಯುವುದು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು ನೆಲದ ನಿರ್ವಹಣೆಯನ್ನೇ ಅಧ್ಯಯನ ಮಾಡುತ್ತಿದೆ.

ಮಣ್ಣಿನ ವಿದ್ಯುತ್ ವಾಹಕತೆ 3 ಡೆಸಿಸೀಮೆನ್ಸ್ ದಾಟಿದರೆ ಭತ್ತದ ಇಳುವರಿ ಇಳಿಯತೊಡಗುತ್ತದೆ. ಕಡಲ ನೀರಿನದು 50ಕ್ಕೂ ಹೆಚ್ಚು. ಆದ್ದರಿಂದ ಬದಲಿಸಿದ ನೀರನ್ನು ಹೂಕುಂಡಕ್ಕೆ, ತೆಂಗಿನ ಬುಡಕ್ಕೆ, ಹೊಲಗಾಲುವೆಗೆ ಸುರಿಯಬಾರದು. ಒಳಚರಂಡಿ ಇರುವೆಡೆ ಸ್ನಾನ, ಬಟ್ಟೆ ತೊಳೆದ ನೀರಿನೊಂದಿಗೆ ಬೆರೆಸಿ ಬಿಡುವುದು ಇದ್ದುದರಲ್ಲಿ ಮೇಲು.

ಖರೀದಿಗೆ ಮುನ್ನ ಕಾನೂನನ್ನೂ ಗಮನಿಸಬೇಕು. ಗಟ್ಟಿ ಹವಳಗಳು ಮತ್ತು ಕಡಲ ಕುದುರೆಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ 2001ರಲ್ಲೇ ಸೇರಿವೆ. ಇವುಗಳನ್ನು ಮಾರುವುದೂ ಕೊಳ್ಳುವುದೂ ಅಪರಾಧ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಕ್ಲೌನ್ ಫಿಶ್‌ಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನ ಅಭಿವೃದ್ಧಿಪಡಿಸಿದೆ. ಹೀಗೆ ತೊಟ್ಟಿಯಲ್ಲೇ ಹುಟ್ಟಿದ ಮೀನು ಹವಳ ದಿಬ್ಬದಿಂದ ಹಿಡಿದು ತಂದದ್ದಕ್ಕಿಂತ ಗಟ್ಟಿ. ಮಾರುವವರನ್ನು ಅದು ಎಲ್ಲಿ ಹುಟ್ಟಿದ್ದೆಂದು ಕೇಳಿಯೇ ಕೊಳ್ಳುವುದು ಒಳಿತು.