ಮಗುವಿನ ಜ್ವರದ ಮದ್ದು: ಎಷ್ಟು ಎಂಎಲ್ ಎನ್ನುವ ಮೊದಲು ಎಷ್ಟು ಮಿಲಿಗ್ರಾಂ ಎಂದು ನೋಡಿ

ಕಾರ್ಕಳ ಪೇಟೆಯ ಮೆಡಿಕಲ್ ಶಾಪಿಗೆ ಹೋಗಿ "ಮಗುವಿಗೆ ಜ್ವರದ ಮದ್ದು ಕೊಡಿ" ಎಂದರೆ ಕೈಗೆ ಬರುವುದು ಹೆಚ್ಚಾಗಿ ಪ್ಯಾರಸಿಟಮಾಲ್. ಕ್ಯಾಲ್‌ಪಾಲ್, ಕ್ರೋಸಿನ್, ಡೋಲೋ ಎಂದು ಹೆಸರು ಬೇರೆಬೇರೆ ಇದ್ದರೂ ಒಳಗಿರುವುದು ಅದೇ. ತೊಂದರೆ ಇರುವುದು ಅದರ ಸಾಂದ್ರತೆಯಲ್ಲಿ. ಹನಿ ಹಾಕುವ ಪುಟ್ಟ ಬಾಟಲಿಯಲ್ಲಿ, ಅಂದರೆ ಡ್ರಾಪ್ಸ್‌ನಲ್ಲಿ, ಸಾಮಾನ್ಯವಾಗಿ 1 ಎಂಎಲ್‌ಗೆ 100 ಮಿಲಿಗ್ರಾಂ ಔಷಧ ಇರುತ್ತದೆ. ಮಾಮೂಲಿ ಸಿರಪ್‌ನಲ್ಲಿ 5 ಎಂಎಲ್‌ಗೆ 120 ಅಥವಾ 125 ಮಿಲಿಗ್ರಾಂ. '250' ಅಥವಾ 'ಡಿಎಸ್' ಎಂದು ಅಚ್ಚಾದ ಸಿರಪ್‌ನಲ್ಲಿ 5 ಎಂಎಲ್‌ಗೆ 250 ಮಿಲಿಗ್ರಾಂ. ಮೂರರಲ್ಲಿ ಅತಿ ಚಿಕ್ಕ ಬಾಟಲಿಯೇ ಅತಿ ಗಟ್ಟಿ. ಸಣ್ಣ ಮಗು ಹೆಚ್ಚು ನುಂಗುವುದಿಲ್ಲ, ಉಗುಳಿಬಿಡುತ್ತದೆ ಎಂದೇ ಅದನ್ನು ಮಾಮೂಲಿ ಸಿರಪ್‌ಗಿಂತ ನಾಲ್ಕು ಪಟ್ಟು ಗಟ್ಟಿಯಾಗಿ ತಯಾರಿಸುತ್ತಾರೆ.

"ಸಣ್ಣ ಮಕ್ಕಳದ್ದಲ್ಲವೇ, ಮೆತ್ತಗಿನ ಮದ್ದು" ಎಂದುಕೊಳ್ಳುವುದರಿಂದಲೇ ಅಪಾಯ ಶುರುವಾಗುತ್ತದೆ. ಅಮೆರಿಕದಲ್ಲೂ ಇದೇ ಗೊಂದಲದಿಂದ ಶಿಶುಗಳಿಗೆ ಡೋಸ್ ಹೆಚ್ಚುಕಡಿಮೆಯಾಗುತ್ತಿತ್ತು. ಕೊನೆಗೆ 2011ರಲ್ಲಿ ಅಲ್ಲಿನ ತಯಾರಕರು ಗಟ್ಟಿ ಡ್ರಾಪ್ಸ್ ಕೈಬಿಟ್ಟು, ಮಕ್ಕಳಿಗೆಲ್ಲ 5 ಎಂಎಲ್‌ಗೆ 160 ಮಿಲಿಗ್ರಾಂ ಎಂಬ ಒಂದೇ ಪ್ರಮಾಣಕ್ಕೆ ಬಂದರು. ನಮ್ಮಲ್ಲಿ ಮೂರೂ ಬಗೆ ಇವತ್ತಿಗೂ ಒಂದೇ ಕಪಾಟಿನಲ್ಲಿವೆ. ಇದರ ಮೇಲೆ ಕರಾವಳಿಯ ಮನೆಗಳಿಗೆ ದುಬೈಯಿಂದಲೋ ಅಮೆರಿಕದಿಂದಲೋ ನೆಂಟರು ತಂದ ಬಾಟಲಿಯೂ ಸೇರಿಕೊಳ್ಳುತ್ತದೆ. ಅಮೆರಿಕದ ಬಾಟಲಿಯಲ್ಲಿ ಪ್ಯಾರಸಿಟಮಾಲ್ ಎಂದಿರುವುದಿಲ್ಲ, ಅಸಿಟಮಿನೋಫೆನ್ ಎಂದಿರುತ್ತದೆ. ಎರಡೂ ಒಂದೇ ಔಷಧ. ಬೇರೆ ಮದ್ದೆಂದು ತಿಳಿದು ಎರಡನ್ನೂ ಕೊಟ್ಟರೆ ಡೋಸ್ ಇಮ್ಮಡಿಯಾಗುತ್ತದೆ.

ಲೆಕ್ಕ ತೂಕದ್ದು, ವಯಸ್ಸಿನದ್ದಲ್ಲ

ಪ್ಯಾರಸಿಟಮಾಲ್‌ನ ಲೆಕ್ಕ ಸರಳ. ಮಗುವಿನ ತೂಕದ ಪ್ರತಿ ಕಿಲೋಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. ಎರಡು ಡೋಸ್‌ಗಳ ನಡುವೆ ಕನಿಷ್ಠ ನಾಲ್ಕು ಗಂಟೆ, ಆರು ಗಂಟೆಯಾದರೆ ಇನ್ನೂ ಒಳ್ಳೆಯದು. ದಿನದ 24 ಗಂಟೆಯಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ.

7 ಕಿಲೋ ತೂಕದ ಮಗುವನ್ನು ತೆಗೆದುಕೊಳ್ಳಿ. ಅದಕ್ಕೆ ಒಂದು ಸಲಕ್ಕೆ 70ರಿಂದ 105 ಮಿಲಿಗ್ರಾಂ ಸಾಕು. ಡ್ರಾಪ್ಸ್ ಆದರೆ 0.7ರಿಂದ 1 ಎಂಎಲ್. 120ರ ಸಿರಪ್ ಆದರೆ ಸುಮಾರು 3ರಿಂದ 4 ಎಂಎಲ್. 250ರ ಸಿರಪ್ ಆದರೆ ಒಂದೂವರೆಯಿಂದ 2 ಎಂಎಲ್. ಹೋದ ಸಲ ಡಾಕ್ಟರು "4 ಎಂಎಲ್ ಕೊಡಿ" ಎಂದದ್ದು ಸಿರಪ್‌ಗೆ. ಈ ಸಲ ಮನೆಯಲ್ಲಿರುವುದು ಡ್ರಾಪ್ಸ್. ಅದೇ 4 ಎಂಎಲ್ ಕುಡಿಸಿದರೆ 400 ಮಿಲಿಗ್ರಾಂ, ಅಂದರೆ ಆ ಮಗುವಿಗೆ ಇಡೀ ದಿನದ ಮದ್ದು ಒಂದೇ ಗುಟುಕಿಗೆ ಹೊಟ್ಟೆ ಸೇರಿದಂತೆ. ಆದ್ದರಿಂದ ಡಾಕ್ಟರ ಚೀಟಿಯಲ್ಲಿ ಎಂಎಲ್ ಜೊತೆಗೆ ಮಿಲಿಗ್ರಾಂ ಕೂಡ ಬರೆಸಿಕೊಳ್ಳಿ. ಬಾಟಲಿ ಬದಲಾದರೆ ಲೆಕ್ಕವನ್ನು ಮತ್ತೆ ಕೇಳಿ.

ತೂಕಕ್ಕೆ ತಾಯಿ ಕಾರ್ಡ್ ನೋಡಿ. ಅಂಗನವಾಡಿಯಲ್ಲಿ, ಲಸಿಕೆಯ ದಿನ ಆರೋಗ್ಯ ಕೇಂದ್ರದಲ್ಲಿ ತೂಗಿದ್ದು ಅಲ್ಲಿ ದಾಖಲಾಗಿರುತ್ತದೆ. ಮೊದಲ ವರ್ಷ ತೂಕ ಬೇಗ ಏರುತ್ತದೆ, ಮೂರು ತಿಂಗಳ ಹಿಂದಿನ ಡೋಸ್ ಇವತ್ತಿಗೆ ಸರಿಹೋಗದಿರಬಹುದು.

ಕುಡಿಸುವ ಕ್ರಮ

ಬಾಟಲಿಯನ್ನು ಚೆನ್ನಾಗಿ ಕುಲುಕಿ. ಸಸ್ಪೆನ್ಷನ್ ಎಂದು ಬರೆದಿರುವ ಮದ್ದು ತಳಕ್ಕೆ ಇಳಿದಿರುತ್ತದೆ. ಕುಲುಕದಿದ್ದರೆ ಮೊದಲ ದಿನಗಳಲ್ಲಿ ಮದ್ದು ನೀರು, ಕೊನೆಯ ದಿನಗಳಲ್ಲಿ ಗಟ್ಟಿ. ಅಳೆಯಲು ಅಡುಗೆಮನೆಯ ಚಮಚ ಬೇಡ, ಒಂದೊಂದು ಮನೆಯ ಚಮಚ ಒಂದೊಂದು ಅಳತೆ. ಆ ಬಾಟಲಿಯ ಜೊತೆಗೇ ಬಂದ ಡ್ರಾಪರ್ ಬಳಸಿ, ಇಲ್ಲವೇ ಸೂಜಿಯಿಲ್ಲದ 5 ಎಂಎಲ್ ಸಿರಿಂಜ್. ಒಂದು ಬಾಟಲಿಯ ಡ್ರಾಪರ್ ಇನ್ನೊಂದಕ್ಕೆ ಹಾಕಬೇಡಿ.

ಮಗುವನ್ನು ತಲೆ ಎತ್ತರವಾಗಿರುವಂತೆ ತೊಡೆಯ ಮೇಲೆ ಕೂರಿಸಿಕೊಂಡು, ಸಿರಿಂಜಿನ ತುದಿಯನ್ನು ಕೆನ್ನೆಯ ಒಳಬದಿಗೆ ಇಟ್ಟು ಸ್ವಲ್ಪ ಸ್ವಲ್ಪವೇ ಒತ್ತಿ. ಮೂಗು ಹಿಡಿದು ಗಂಟಲಿಗೆ ಸುರಿಯುವ ಹಳೆಯ ಪದ್ಧತಿಯಿಂದ ಮದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಮದ್ದನ್ನು ಬಾಟಲಿ ಹಾಲಿಗೆ ಬೆರೆಸಲೂಬೇಡಿ. ಮಗು ಅರ್ಧ ಹಾಲು ಬಿಟ್ಟರೆ ಎಷ್ಟು ಮದ್ದು ಹೋಯಿತೆಂದು ತಿಳಿಯುವುದಿಲ್ಲ. ಕುಡಿಸಿದ ಕೂಡಲೇ ಪೂರ್ತಿ ವಾಂತಿಯಾದರೆ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಅರ್ಧ ಗಂಟೆ ಕಳೆದಿದ್ದರೆ ಮತ್ತೆ ಕೊಡಬೇಡಿ, ಮುಂದಿನ ಹೊತ್ತಿಗೆ ಕಾಯಿರಿ.

ತುಂಬಿದ ಮನೆಯಲ್ಲಿ ಇನ್ನೊಂದು ತೊಡಕಿದೆ. ಅಮ್ಮ ಕೊಟ್ಟದ್ದು ಅಜ್ಜಿಗೆ ಗೊತ್ತಿರುವುದಿಲ್ಲ, ಅಜ್ಜಿ ಕೊಟ್ಟದ್ದು ಕೆಲಸದಿಂದ ಬಂದ ಅಪ್ಪನಿಗೆ ಗೊತ್ತಿರುವುದಿಲ್ಲ. ಫ್ರಿಜ್ಜಿನ ಬಾಗಿಲಿಗೋ ಗೋಡೆಯ ಕ್ಯಾಲೆಂಡರಿಗೋ ಒಂದು ಚೀಟಿ ಅಂಟಿಸಿ: ಯಾವ ಮದ್ದು, ಎಷ್ಟು, ಎಷ್ಟು ಗಂಟೆಗೆ.

ಮದ್ದು ಕೊಡುವುದು ಯಾವಾಗ?

ಕಂಕುಳಲ್ಲಿ ಡಿಜಿಟಲ್ ಥರ್ಮಾಮೀಟರ್ ಇಟ್ಟು ನೋಡಿದಾಗ 99.5 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಜ್ವರ. ಆದರೆ ಜ್ವರವೇ ಕಾಯಿಲೆಯಲ್ಲ, ಸೋಂಕಿನ ಎದುರು ದೇಹ ಮಾಡುವ ಕೆಲಸ. 101 ಇದ್ದೂ ಮಗು ಹಾಲು ಕುಡಿದು ಆಡುತ್ತಿದ್ದರೆ ಮದ್ದಿಗೆ ಅವಸರವಿಲ್ಲ. ನೋವು, ಕಿರಿಕಿರಿ, ನಿದ್ದೆಗೇಡು ಇದ್ದರೆ ಕೊಡಿ. ಗುರಿ ಮಗುವಿಗೆ ಆರಾಮ ಸಿಗುವುದು, ಥರ್ಮಾಮೀಟರನ್ನು 98.4ಕ್ಕೆ ಇಳಿಸುವುದಲ್ಲ. ಮಲಗಿದ ಮಗುವನ್ನು ಮದ್ದಿಗಾಗಿ ಎಬ್ಬಿಸುವುದೂ ಬೇಡ. ಮದ್ದು ಕೊಟ್ಟರೆ ಜ್ವರದ ಫಿಟ್ಸ್ ಬಾರದೆಂಬ ನಂಬಿಕೆಗೂ ಆಧಾರವಿಲ್ಲ.

ಮೈ ಒರೆಸುವುದಾದರೆ ಉಗುರುಬೆಚ್ಚಗಿನ ನೀರು ಸಾಕು. ಐಸ್ ನೀರು, ಸ್ಪಿರಿಟ್ ಬೇಡ. ಕರ್ಪೂರ ಹಾಕಿ ಕಾಯಿಸಿದ ತೆಂಗಿನೆಣ್ಣೆಯನ್ನು ಎದೆಗೆ ತಿಕ್ಕುವುದು ನಮ್ಮ ಕಡೆ ರೂಢಿ. ಕರ್ಪೂರ ಮಗುವಿನ ಮೈಗೆ ಸೇರಿದರೆ ಫಿಟ್ಸ್ ಬರಬಹುದು, ಅದನ್ನು ಬಿಟ್ಟುಬಿಡಿ. ಸಂಬಾರ ಸೊಪ್ಪಿನ ರಸಕ್ಕೆ ಜೇನು ಸೇರಿಸಿ ನೆಕ್ಕಿಸುವುದೂ ವರ್ಷ ತುಂಬದ ಮಗುವಿಗೆ ಸಲ್ಲದು. ಜೇನಿನಿಂದ ಶಿಶುಗಳಿಗೆ ಬಾಟುಲಿಸಂ ಎಂಬ ಕಾಯಿಲೆ ತಗಲುವ ಅಪಾಯವಿದೆ. ಆರು ತಿಂಗಳೊಳಗಿನವರಿಗೆ ಮೊಲೆಹಾಲನ್ನೇ ಪದೇಪದೇ ಕೊಡಿ. ಅದಕ್ಕಿಂತ ದೊಡ್ಡ ಮಕ್ಕಳಿಗೆ ಗಂಜಿ ತಿಳಿ, ಬೊಂಡದ ನೀರು ಒಳ್ಳೆಯದು.

ಬೇರೆ ಮದ್ದುಗಳ ಬಗ್ಗೆ

ಐಬುಪ್ರೊಫೆನ್ ಆರು ತಿಂಗಳೊಳಗಿನ ಮಗುವಿಗೆ ಡಾಕ್ಟರ ಮಾತಿಲ್ಲದೆ ಬೇಡ, ವಾಂತಿಭೇದಿಯಾಗಿ ನೀರಿನಂಶ ಕಳೆದುಕೊಂಡ ಮಗುವಿಗಂತೂ ಬೇಡವೇ ಬೇಡ. ಮೆಫ್ಟಾಲ್‌ನಲ್ಲಿರುವ ಮೆಫೆನಾಮಿಕ್ ಆಮ್ಲಕ್ಕೂ ಇದೇ ಎಚ್ಚರ. ಆಟಿ ತಿಂಗಳ ಮಳೆಯಲ್ಲಿ ಉಡುಪಿ ಜಿಲ್ಲೆಯಲ್ಲಿ ಡೆಂಗ್ಯೂ ಇದ್ದೇ ಇರುತ್ತದೆ. ಡೆಂಗ್ಯೂ ಜ್ವರದಲ್ಲಿ ಈ ಎರಡೂ ಔಷಧಗಳು ರಕ್ತಸ್ರಾವ ಹೆಚ್ಚಿಸಬಲ್ಲವು. ಜ್ವರದ ಕಾರಣ ಗೊತ್ತಾಗುವ ತನಕ ಪ್ಯಾರಸಿಟಮಾಲ್ ಮಾತ್ರ ಎಂಬ ನಿಯಮವೇ ಕ್ಷೇಮ. ಕಾಂಬಿಫ್ಲಾಮ್‌ನಂಥ ಜೋಡಿ ಸಿರಪ್‌ನಲ್ಲಿ ಐಬುಪ್ರೊಫೆನ್, ಪ್ಯಾರಸಿಟಮಾಲ್ ಎರಡೂ ಇವೆ. ಅದರ ಮೇಲೆ ಮತ್ತೆ ಕ್ಯಾಲ್‌ಪಾಲ್ ಕೊಡಬೇಡಿ. ಆಸ್ಪಿರಿನ್ ಮಕ್ಕಳಿಗೆ ಮನೆಮದ್ದಲ್ಲ. ನಿಮೆಸುಲೈಡ್ ಅನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು ಸರಕಾರ 2011ರಲ್ಲೇ ನಿಷೇಧಿಸಿದೆ.

ಶೀತದ ಸಿರಪ್‌ಗಳಲ್ಲೂ ಪ್ಯಾರಸಿಟಮಾಲ್ ಅಡಗಿರುತ್ತದೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಮಕ್ಕಳ ಸಾವಿಗೆ ಕಾರಣವಾದ ಕಲಬೆರಕೆ ಸಿರಪ್ ಕೂಡ ಅಂಥ ಜೋಡಿ ಮದ್ದೇ ಆಗಿತ್ತು. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸೇರಿತ್ತು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ಶೀತದ ಸಿರಪ್ ಕೊಡಬಾರದೆಂದು ಆ ಅಕ್ಟೋಬರಿನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಸೂಚಿಸಿತು.

ಆರು, ಹತ್ತು, ಹದಿನಾಲ್ಕನೇ ವಾರದ ಪೆಂಟಾವೇಲೆಂಟ್ ಲಸಿಕೆಯ ನಂತರ ಒಂದೆರಡು ದಿನ ಜ್ವರ, ತೊಡೆಯಲ್ಲಿ ನೋವು ಸಹಜ. ನರ್ಸ್ ಹೇಳಿದ ಡೋಸನ್ನು ಜ್ವರವೋ ನೋವೋ ಬಂದ ಮೇಲೆ ಕೊಡಿ, ಚುಚ್ಚುವ ಮೊದಲೇ ಬೇಡ. ಮುಂಚಿತವಾಗಿ ಕೊಟ್ಟ ಪ್ಯಾರಸಿಟಮಾಲ್‌ನಿಂದ ಕೆಲವು ಲಸಿಕೆಗಳ ಪ್ರತಿಕಾಯ ತುಸು ಕಡಿಮೆಯಾದದ್ದು 2009ರ ಜೆಕ್ ಅಧ್ಯಯನದಲ್ಲಿ ಕಂಡಿತ್ತು.

ತಡಮಾಡದೆ ಹೊರಡಬೇಕಾದಾಗ

ಲಸಿಕೆಯ ಕಾರಣವಿಲ್ಲದೆ ಮೂರು ತಿಂಗಳು ತುಂಬದ ಮಗುವಿಗೆ ಜ್ವರ ಬಂದರೆ ಮನೆಯಲ್ಲಿ ಮದ್ದು ಕೊಟ್ಟು ಕಾಯಬೇಡಿ, ನೇರ ಡಾಕ್ಟರಲ್ಲಿಗೆ ಹೋಗಿ. ಯಾವುದೇ ವಯಸ್ಸಿನ ಮಗು ಹಾಲು ಬಿಟ್ಟರೆ, ಎಬ್ಬಿಸಿದರೂ ಮಂಕಾಗಿದ್ದರೆ, ಉಸಿರಾಡುವಾಗ ಪಕ್ಕೆ ಒಳಗೆ ಎಳೆದುಕೊಂಡರೆ, ನೆತ್ತಿ ಉಬ್ಬಿದರೆ, ಎಂಟು ಗಂಟೆ ಮೂತ್ರ ಮಾಡದಿದ್ದರೆ, ಮೈಮೇಲೆ ಕೆಂಪು-ನೇರಳೆ ಚುಕ್ಕೆ ಎದ್ದರೆ, ಜ್ವರ ಮೂರು ದಿನ ದಾಟಿದರೆ ಕೂಡಲೇ ತೋರಿಸಿ. ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನನ್ನೂ ಹಾಕಬೇಡಿ, ಗಡಿಯಾರ ನೋಡಿಕೊಳ್ಳಿ. ಐದು ನಿಮಿಷವಾದರೂ ನಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ನಿಂತರೂ ಅದೇ ದಿನ ಡಾಕ್ಟರಿಗೆ ತೋರಿಸಿ.

ಡೋಸ್ ಹೆಚ್ಚಾಯಿತೆಂಬ ಅನುಮಾನ ಬಂದರೂ ಹೊರಡಿ. ಪ್ಯಾರಸಿಟಮಾಲ್ ಮಿತಿಮೀರಿದರೆ ಪೆಟ್ಟು ಬೀಳುವುದು ಲಿವರ್‌ಗೆ, ಮೊದಲ ದಿನ ಮಗು ಆರಾಮಾಗಿಯೇ ಕಾಣಬಹುದು. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿಮದ್ದು ಇದೆ. ಎಂಟು ಗಂಟೆಯೊಳಗೆ ಶುರುಮಾಡಿದರೆ ಅದರ ಫಲ ಅತಿ ಹೆಚ್ಚು.

ನಿಟ್ಟೆ, ಬೆಳ್ಮಣ್ ಕಡೆಯವರಿಗೆ ಕಾರ್ಕಳದ ತಾಲೂಕು ಆಸ್ಪತ್ರೆ ಹತ್ತಿರ. ಅಲ್ಲಿಂದ ಮುಂದೆ ಉಡುಪಿಯ ಸರಕಾರಿ ತಾಯಿ-ಮಕ್ಕಳ ಆಸ್ಪತ್ರೆ, ಮಣಿಪಾಲದ ಕಸ್ತೂರ್ಬಾ ಇವೆ. ಹೊರಡುವಾಗ ತಾಯಿ ಕಾರ್ಡ್, ಡೋಸ್ ಬರೆದ ಚೀಟಿ, ಮನೆಯಲ್ಲಿ ಕೊಟ್ಟ ಎಲ್ಲ ಬಾಟಲಿಗಳು ಚೀಲದಲ್ಲಿರಲಿ. "ಗುಲಾಬಿ ಬಣ್ಣದ ಮದ್ದು ಸ್ವಲ್ಪ ಕೊಟ್ಟಿದ್ದೆವು" ಎಂದರೆ ಡಾಕ್ಟರಿಗೆ ಲೆಕ್ಕ ಸಿಗುವುದಿಲ್ಲ. ಲೇಬಲ್ ನೋಡಿದರೆ ಸಿಗುತ್ತದೆ.